ಮೆತ್ತಗೆ ಹಾಡಿದರೆ ಹಸಿವಾಗಿದೆ ಎಂದರ್ಥ

ನಾನು ಕೊಳ್ಳೇಗಾಲದ ಮಗ್ಗದ ಬೀದಿಯಲ್ಲಿ ಬೆಳೆದವಳು. ಮಗ್ಗದ ಸದ್ದನ್ನು ಮೀರಿ ಕೇಳಿಸಿದರೆ ಮಾತು, ಇಲ್ಲದಿದ್ದರೆ ಬರೀ ಬಾಯಾಡಿಸಿದಂತೆ ಎನ್ನುವ ಬೀದಿ ಅದು. ಉಪ್ಪು ಕೇಳುವುದಕ್ಕೂ ಜಗಳ ಆಡುವುದಕ್ಕೂ ನಮ್ಮಲ್ಲಿ ಒಂದೇ ದನಿ. ಅದಕ್ಕೇ ಇರಬೇಕು, ಸಂಗೀತ ಕಲಿಯುವಾಗ ನನಗೆ ಇಷ್ಟವಾಗಿದ್ದು ಅದರ ಮೆತ್ತಗಿನ ಭಾಗ. ಟೀಚರಾಗಿ ಯಳಂದೂರು ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ಬಂದಾಗ, ಮಧ್ಯಾಹ್ನದ ಊಟದ ನಂತರದ ಪೀರಿಯಡ್ಡನ್ನು ಹಾಡಿಗೆಂದು ಕೇಳಿ ಪಡೆದುಕೊಂಡೆ. "ತಗೊಳ್ಳಮ್ಮ, ಹೇಗೂ ಆ ಹೊತ್ತಿನಲ್ಲಿ ತೂಕಡಿಸ್ತಾ ಇರ್ತವೆ," ಅಂದರು ಹೆಡ್ ಮೇಷ್ಟರು.

ತೂಕಡಿಸುವುದೆಲ್ಲಿ ಬಂತು! ಮೂರು, ನಾಲ್ಕನೇ ಕ್ಲಾಸಿನ ಆ ಮಕ್ಕಳಿಗೆ ಹಾಡುವುದೆಂದರೆ ಕಿರುಚುವುದು. ಪಕ್ಕದವನಿಗಿಂತ ಜೋರಾಗಿ ಕಿರುಚಿದವನು ಜಾಣ. ದನಿಯನ್ನು ಹಿಗ್ಗಿಸುವುದು, ಕುಗ್ಗಿಸುವುದು ಕಲಿಸೋಣವೆಂದು ಮೊದಲು ಕೈ ಬಳಸಿದೆ. ಕೈ ಮೇಲೆತ್ತಿದರೆ ಜೋರು, ಕೆಳಗಿಳಿಸಿದರೆ ಮೆತ್ತಗೆ. ಕೈ ಎತ್ತಿದೆ, ಅಷ್ಟೂ ಮಕ್ಕಳು ಸ್ವರವನ್ನೇ ಏರಿಸಿ ಕೀರಲು ದನಿಯಲ್ಲಿ ಕೂಗಿದವು. ಇಳಿಸಿದೆ, ಗೂಳಿಗಳಂತೆ ಗುಟುರು ಹಾಕಿದವು, ಅದೂ ಅಷ್ಟೇ ಜೋರಾಗಿ. ಸ್ವರ ಏರುವುದು ಬೇರೆ, ದನಿ ದೊಡ್ಡದಾಗುವುದು ಬೇರೆ ಎಂದು ಬಾಯಿ ನೋಯುವಷ್ಟು ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು, ಒಂದು ದಿನ ಡಸ್ಟರನ್ನು ಮೇಜಿನ ಮೇಲೆ ಕುಕ್ಕಿ ಸುಮ್ಮನೆ ಕೂತುಬಿಟ್ಟೆ.

ಆಗಲೇ ದೂರದಲ್ಲಿ ಕುಂತೂರಿನ ಫ್ಯಾಕ್ಟರಿಗೆ ಕಬ್ಬು ಹೊತ್ತು ಹೊರಟ ಟ್ರ್ಯಾಕ್ಟರಿನ ಸದ್ದು ಕೇಳಿತು. ಬೆದರಿ ಕೂತಿದ್ದ ಮಕ್ಕಳ ಕಿವಿಯೆಲ್ಲ ಅತ್ತ ನೆಟ್ಟಿತು. "ಈಗ ಎಲ್ಲಿದೆ ಅದು?" ಎಂದೆ. "ಕಾಲುವೆ ತಾವು ಮೇಡಮ್," ಎಂದಳು ನಾಲ್ಕನೇ ಕ್ಲಾಸಿನ ಒಬ್ಬ ಹುಡುಗಿ. "ಹಾಗಾದರೆ ಅಷ್ಟೇ ದನಿಯಲ್ಲಿ ಸ ಹಾಡಿ." ಹಾಡಿದವು. ಟ್ರ್ಯಾಕ್ಟರ್ ಹತ್ತಿರ ಬಂದಂತೆ ದನಿಯೂ ಬೆಳೆಯಿತು, ಗೇಟಿನ ಮುಂದೆ ಹಾದಾಗ ಕಿಟಕಿಯ ಬಾಗಿಲು ಅದುರಿತು, ಆ ಕಡೆಯ ತಿರುವಿನಲ್ಲಿ ಮರೆಯಾಗುವಾಗ ಮಕ್ಕಳ ದನಿ ಉಸಿರಿನಷ್ಟು ಸಣ್ಣಗಾಗಿತ್ತು. ಸ್ವರ ಮಾತ್ರ ಒಂದೇ. ನನಗೆ ಎದ್ದು ಕುಣಿಯಬೇಕೆನ್ನಿಸಿತು. ಅಲ್ಲಿಂದ ಮುಂದೆ ನಮ್ಮ ಪಾಠವೆಲ್ಲ ಟ್ರ್ಯಾಕ್ಟರಿನ ಮೇಲೇ ನಡೆಯಿತು. ಮಕ್ಕಳಿಗೆ ಹೆಚ್ಚು ರುಚಿ ಹತ್ತಿದ್ದು ಮರೆಯಾಗುವ ಭಾಗ. ಪೀರಿಯಡ್ಡಿನ ಬಹುಪಾಲು ಮೆತ್ತಗೇ ಹಾಡುತ್ತಿದ್ದವು.

ಊರಿನ ಒಂದು ಪದ್ಧತಿ ನನಗೆ ಗೊತ್ತಿರಲಿಲ್ಲ. ಊಟವಾದ ಮೇಲೆ ಮಕ್ಕಳು ತೂಕಡಿಸದಿರಲೆಂದು ಆ ಶಾಲೆಯಲ್ಲಿ ಲಾಗಾಯ್ತಿನಿಂದ ಮಗ್ಗಿ ಕೂಗಿಸುತ್ತಿದ್ದರು. ಸುತ್ತಲಿನ ಗದ್ದೆಯಲ್ಲಿ ಕಳೆ ಕೀಳುವ ತಾಯಂದಿರಿಗೆ ಆ ಕೂಗು ಕೇಳಿದರೆ ಮಕ್ಕಳು ಹೊಟ್ಟೆ ತುಂಬಾ ಉಂಡಿದ್ದಾರೆ ಎಂಬ ನೆಮ್ಮದಿ. ಆಮೇಲೇ ಅವರು ತಮ್ಮ ಬುತ್ತಿ ಬಿಚ್ಚುತ್ತಿದ್ದರಂತೆ. ಈಗ ಕೂಗು ನಿಂತುಹೋಗಿತ್ತು. ಕಿವಿಗೊಟ್ಟವರಿಗೆ ಕೇಳಿದ್ದು ನರಳಿದಂಥ ಸಣ್ಣ ದನಿ. ಮಕ್ಕಳಿಗೆ ಊಟ ಸಾಲುತ್ತಿಲ್ಲ, ಕೂಗಲು ತ್ರಾಣವಿಲ್ಲ ಎಂದು ಮಾತಾಯಿತು. ಮಾತಿಗೇನು, ಕಾಲಿಲ್ಲದಿದ್ದರೂ ಊರು ಸುತ್ತುತ್ತದೆ. ಹಾಗಾದರೆ ಅಕ್ಕಿ ಬೇಳೆ ಎಲ್ಲಿ ಹೋಗುತ್ತಿದೆ ಎಂಬ ಪ್ರಶ್ನೆ ಹುಟ್ಟಿ, ಎಲ್ಲರ ಕಣ್ಣೂ ಬಿಸಿಯೂಟದ ಅಡುಗೆಯಾಕೆಯ ಮೇಲೆ ಬಿತ್ತು.

ಆ ಅಕ್ಕ ಸಂಜೆ ಮನೆಗೆ ಹೋಗುವಾಗ ಎಮ್ಮೆಗೆಂದು ಒಂದು ಬಕೀಟು ಕಲಗಚ್ಚು ಒಯ್ಯುತ್ತಿದ್ದಳು. ಒಂದು ಸಂಜೆ ಶಾಲಾ ಸಮಿತಿಯ ಅಧ್ಯಕ್ಷರು ಗೇಟಿನಲ್ಲಿ ಅವಳನ್ನು ನಿಲ್ಲಿಸಿ, ಎಲ್ಲರೂ ನೋಡುತ್ತಿರುವಾಗಲೇ ಬಕೀಟಿನೊಳಗೆ ಕೋಲಾಡಿಸಿ ತಳ ಕೆದಕಿದರು. ಸಿಕ್ಕಿದ್ದು ತರಕಾರಿ ಸಿಪ್ಪೆ. "ಇವತ್ತಿಲ್ಲ ಅಂದ್ರೆ ದಿನಾಲೂ ಇಲ್ಲ ಅಂತಲಾ?" ಎಂದು ಹೊರಟುಹೋದರು. ಶುಕ್ರವಾರ ಸಮಿತಿ ಕೂಡಿ, ಬೇರೆಯವರನ್ನು ಇಟ್ಟುಕೊಳ್ಳುವ ತೀರ್ಮಾನ ಮಾಡುವುದೆಂದಾಯಿತು.

ಅವಳು ನೇರ ನನ್ನ ಹತ್ತಿರ ಬಂದಳು. ಸೆರಗಿನ ಅಂಚು ಒದ್ದೆಯಾಗಿತ್ತು.

"ನೀವೇನೋ ಮೆತ್ಗ ಆಡಿಸ್ಕಂಡು ಕೂತಿರಿ ಮೇಡಮ್. ಈಗ ಕಳ್ಳಿ ಅನ್ನಿಸ್ಕಂಡೋಳು ನಾನು. ಕೆಲ್ಸ ಓದ್ರೆ ಓಯ್ತದ, ಈ ಊರಲ್ಲಿ ನಾನು ತಲೆ ಎತ್ತಿ ತಿರುಗಾದೆಂಗೆ?"

ಹಾಡಿಗೂ ಅನ್ನಕ್ಕೂ ಏನು ಸಂಬಂಧವೆಂದು ನನಗೆ ತಿಳಿದದ್ದೇ ಆಗ. ಅವಳನ್ನು ಆಫೀಸ್ ರೂಮಿಗೆ ಕರೆದುಕೊಂಡು ಹೋದೆ. ಹೆಡ್ ಮೇಷ್ಟರು, "ಸಂಗೀತ ಸಾಕಮ್ಮ, ನಾಳೆಯಿಂದಲೇ ಮಗ್ಗಿ ಕೂಗಿಸಿ," ಎಂದರು. ನಾನೂ ಸರಿ ಎನ್ನಲಿದ್ದೆ. ಅಕ್ಕನೇ ತಡೆದಳು.

"ಬ್ಯಾಡಿ ಸಾ. ಬಕೀಟು ನೋಡಿದ್ ಮಾರ್ನೇ ದಿನ ಮಕ್ಳು ಕೂಗುದ್ರೆ ಏನಂದಾರು? ಸಿಕ್ಕಾಕಂಡ್ ಮೇಲೆ ನೆಟ್ಗೆ ಬೇಯಿಸ್ತಾವಳೆ ಅಂತಾರೆ."

ಅವಳ ಮಾತು ನೂರಕ್ಕೆ ನೂರು ನಿಜ. ಮೆತ್ತಗೆ ಹಾಡಿದರೂ ಅವಳು ಕಳ್ಳಿ, ಜೋರಾಗಿ ಹಾಡಿದರೂ ಕಳ್ಳಿ. ಶುಕ್ರವಾರದವರೆಗೆ ನನಗೆ ಅನ್ನ ಸೇರಲಿಲ್ಲ.

ಸಭೆ ನಮ್ಮ ಕ್ಲಾಸಿನಲ್ಲೇ ಸೇರಿತು. ಅಧ್ಯಕ್ಷರು ಕುರ್ಚಿಯಲ್ಲಿ, ಗದ್ದೆಯಿಂದ ಬಂದ ತಾಯಂದಿರು ಗೋಡೆಗೊರಗಿ, ಆಗಷ್ಟೇ ಉಂಡೆದ್ದ ಮಕ್ಕಳು ಮುಂದೆ. ಅಕ್ಕ ಬಾಗಿಲಾಚೆ ನಿಂತಿದ್ದಳು, ಒಳಗೆ ಕರೆದರೂ ಬರಲಿಲ್ಲ. ದನಿಯ ಏರಿಳಿತದ ಬಗ್ಗೆ ನಾನು ಉದ್ದಕ್ಕೆ ವಿವರಿಸಿದೆ. ಅಧ್ಯಕ್ಷರು ಕಿವಿಯ ಮೇಲಿನ ನೊಣ ಓಡಿಸಿದಂತೆ ಕೈಯಾಡಿಸಿದರು. "ಅದೆಲ್ಲ ಇರ್ಲಿ ಕಣಮ್ಮ. ಒಟ್ಟೆ ತುಂಬ ಉಂಡ ಮಕ್ಳು ಯಾಕ ಮೆತ್ಗ ಆಡ್ತಾವ?"

ಬಾಯಲ್ಲಿ ಹೇಳಿ ಪ್ರಯೋಜನವಿಲ್ಲವೆಂದು ಮಕ್ಕಳಿಗೆ ಸನ್ನೆ ಮಾಡಿದೆ. ಮಕ್ಕಳ ದನಿಯ ಟ್ರ್ಯಾಕ್ಟರ್ ಕಾಲುವೆಯ ಹತ್ತಿರದಿಂದ ಹೊರಟಿತು. ಅಧ್ಯಕ್ಷರು ಕಿವಿಗೆ ಕೈ ಆನಿಸಿ ಮುಂದಕ್ಕೆ ಬಾಗಿದರು. ದನಿ ಬೆಳೆಯಿತು, ಬೆಳೆಯಿತು, ಗೇಟಿಗೆ ಬರುವಷ್ಟರಲ್ಲಿ ಬಾಗಿದ್ದವರು ಬೆಚ್ಚಿ ಕುರ್ಚಿಗೆ ಒರಗಿದ್ದರು. ಒಬ್ಬ ತಾಯಿ ಕಿವಿ ಮುಚ್ಚಿಕೊಂಡಳು. ಆಮೇಲೆ ಟ್ರ್ಯಾಕ್ಟರ್ ತಿರುವಿನಲ್ಲಿ ಇಳಿದು, ಸಣ್ಣಗಾಗಿ, ಇಲ್ಲವಾಯಿತು.

"ಬೇಕಂತಲೇ ಮೆತ್ಗ ಮಾಡ್ತಾವಾ?" ಅಧ್ಯಕ್ಷರ ಮುಖದಲ್ಲಿ ಇನ್ನೂ ಅನುಮಾನವಿತ್ತು.

ಕಾಲುವೆ ತಾವು ಎಂದಿದ್ದ ಹುಡುಗಿ ಎದ್ದು ನಿಂತಳು. "ಕೂಗಾದು ಸುಲಭ ತಾತ. ಮೆತ್ಗ ಆಡಾದೇ ಕಷ್ಟ. ಬೇಕಾದ್ರ ನೀವು ಆಡಿ ನೋಡಿ."

ಕೂತ್ಕೋ ಎಂದು ಅವಳಿಗೆ ಸನ್ನೆ ಮಾಡಿದೆ. ಆದರೆ ಅಧ್ಯಕ್ಷರು ಊರ ಭಜನೆಯ ಮುಂದಾಳು. ಹಾಡು ಎಂದರೆ ಹಿಂದೆಗೆಯುವವರಲ್ಲ. ಗಂಟಲು ಸರಿಮಾಡಿಕೊಂಡು ಶುರುಮಾಡಿದರು, ಕೋಣೆ ತುಂಬಿತು. "ಇದು ಗೇಟಿನ ತಾವು," ಎಂದವು ಮಕ್ಕಳು. ದನಿ ಇಳಿಸಲು ನೋಡಿದರು, ಒಡೆಯಿತು. ಮತ್ತೆ ಹಿಡಿದರು, ಬರೀ ಗಾಳಿ ಬಂತು. ಮೂರನೇ ಸಲ ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಬಂತು. ತಾಯಂದಿರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಒಟ್ಟೆ ತುಂಬ ಉಸ್ರು ತಕಬೇಕು ತಾತ, ಆಮೇಲೆ ಚೂರ್ ಚೂರೇ ಬುಡಬೇಕು," ಎಂದಳು ಹುಡುಗಿ, ಥೇಟ್ ನನ್ನ ಸಿಡುಕಿನಲ್ಲೇ.

ಅಧ್ಯಕ್ಷರು ಕಣ್ಣೊರೆಸಿಕೊಂಡು ತಾವೂ ನಕ್ಕರು. "ಎಲಾ ಇವ್ಳಾ! ಮೆತ್ಗ ಆಡಕ್ಕೇ ಜಾಸ್ತಿ ಉಸ್ರು ಬೇಕಲ್ರೋ. ಉಪವಾಸ ಇದ್ದೋರ ಕೈಲಿ ಆಗಾ ಕೆಲ್ಸ ಅಲ್ಲ ಇದು."

ಆಮೇಲೆ ಅವರ ನಗೆ ನಿಂತಿತು. ಬಾಗಿಲ ಕಡೆ ತಿರುಗಿದರು. "ಬಕೀಟಿಗೆ ಕೋಲು ಆಕಿದ್ದು ನನ್ ತಪ್ಪು ಕಣವ್ವ. ಎಲ್ರ ಮುಂದೆ ಆಕಿದ್ದೆ, ಎಲ್ರ ಮುಂದೇ ಯೋಳ್ತಾ ಇವ್ನಿ. ಅನ್ನ ಉಳ್ದಿದ್ರೆ ನಂಗೂ ಇಕ್ಕು."

ಅಕ್ಕ ತಟ್ಟೆ ತಂದಿಟ್ಟಳು. ಅಧ್ಯಕ್ಷರು ಕುರ್ಚಿ ಬಿಟ್ಟು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಂಡರು, ಸಾರು ಎರಡನೇ ಸಲ ಹಾಕಿಸಿಕೊಂಡರು. ನನಗೆ ಹೋದ ಜೀವ ಬಂದಂತಾಯಿತು. ಅಡುಗೆಮನೆಗೆ ಹೋಗಿ ನೋಡಿದರೆ ಅಕ್ಕ ಮೂಲೆಯಲ್ಲಿ ಕೂತು ಬಿಕ್ಕುತ್ತಿದ್ದಳು. ಇಬ್ಬರೂ ಅತ್ತೆವು, ಆಮೇಲೆ ಅಧ್ಯಕ್ಷರ ಕೆಮ್ಮು ನೆನೆಸಿಕೊಂಡು ಪಾತ್ರೆ ಉರುಳುವಷ್ಟು ನಕ್ಕೆವು.

"ಒಂದ್ ಮಾತು ಮೇಡಮ್," ಎಂದಳು ಮುಖ ತೊಳೆದುಕೊಳ್ಳುತ್ತ. "ನಾಳಿಂದ ಮೊದ್ಲು ಒಂದ್ ಕಿತ ಗಟ್ಟಿಯಾಗಿ ಕೂಗ್ಸಿಬುಡಿ. ಆಮೇಲೆ ಏನಾರ ಮಾಡ್ಕಳಿ."

ಈಗ ಹಾಗೇ ನಡೆಯುತ್ತಿದೆ. ತಟ್ಟೆ ತೊಳೆದಿಟ್ಟು ಬಂದ ಮಕ್ಕಳು ಗದ್ದೆಯ ಕಡೆಗಿನ ಕಿಟಕಿಯಲ್ಲಿ ನಿಂತು, "ಉಂಡ್ವೀ!" ಎಂದು ಗಂಟಲು ಹರಿಯುವಂತೆ ಕೂಗುತ್ತವೆ. ಬದುವಿನಿಂದ ಯಾರೋ ಒಬ್ಬ ತಾಯಿ, "ಸರಿ ಕಣ್ರಪ್ಪಾ, ಆಡ್ಕಳಿ!" ಎಂದು ತಿರುಗಿ ಕೂಗುತ್ತಾಳೆ. ಅವರು ಅಲ್ಲಿ ಬುತ್ತಿ ಬಿಚ್ಚುತ್ತಾರೆ, ನಾವು ಇಲ್ಲಿ ಮೆತ್ತಗೆ ಶುರುಮಾಡುತ್ತೇವೆ.