ಅಕ್ಕನ ಮೂರು ಮೆಟ್ಟಿಲು

ಕಚೇರಿಯಲ್ಲಿ ಎಲ್ಲರೂ ಅವರನ್ನು ಟೇಪಣ್ಣ ಎನ್ನುತ್ತಿದ್ದರು. ನಗರ ಯೋಜನೆ ವಿಭಾಗದ ಸರ್ವೇಯರ್. ಮದುವೆಗೆ ಹೋದರೂ ಊಟಕ್ಕಿಂತ ಮೊದಲು ಛತ್ರದ ಬಾಗಿಲು ಅಳೆಯುವ ಆಸಾಮಿ. "ಬೆಂಕಿ ಬಿದ್ರೆ ಇಲ್ಲಿಂದ ಎಷ್ಟು ಜನ ಹೊರಗೆ ಹೋಗ್ತಾರೆ ಹೇಳಿ?" ಎಂದು ಬೀಗರನ್ನೇ ಕೇಳಿ ಬೈಸಿಕೊಂಡದ್ದೂ ಉಂಟು. ಹದಿನಾರು ವರ್ಷ ಅವರ ಟೇಪಿನ ಇನ್ನೊಂದು ತುದಿ ಹಿಡಿದವಳು ನಾನು. ಅವರನ್ನು ಹೊಗಳುವುದಕ್ಕೂ ತೆಗಳುವುದಕ್ಕೂ ನನಗೆ ಹಕ್ಕಿದೆ.

ಯಾತ್ರೆ ಬಂತೆಂದರೆ ಲಕ್ಷಾಂತರ ಜನ ನಮ್ಮ ಹಳೇ ಪೇಟೆಯ ಓಣಿಗಳಲ್ಲೇ ನಡೆಯಬೇಕು. ಓಣಿಯ ಅಗಲವೆಂದರೆ ಗೋಡೆಯಿಂದ ಗೋಡೆಗಲ್ಲ, ಅಡ್ಡ ಚಾಚಿದ್ದನ್ನೆಲ್ಲ ಕಳೆದು ಉಳಿದದ್ದು ಎಂಬುದು ಟೇಪಣ್ಣನ ವೇದವಾಕ್ಯ. ಮೆಟ್ಟಿಲು, ಹೂಕುಂಡ, ಯಾವುದನ್ನೂ ಬಿಡುತ್ತಿರಲಿಲ್ಲ. ನಕ್ಷೆಗೆ ಬಿದ್ದದ್ದನ್ನು ಒಡೆಸುವ ಆದೇಶವೂ ಬರಬಹುದಿತ್ತು. "ಮುಂದಿನವರು ಎಡವಿ ಬಿದ್ರು ಅಂತ ಹಿಂದಿನವರಿಗೆ ಗೊತ್ತಾಗಲ್ಲ ಕಣಮ್ಮ. ಅಲ್ಲೇ ಇರೋದು ಅಪಾಯ" ಎನ್ನುತ್ತಿದ್ದರು.

ಆ ಸಲ ಅಳೆಯುತ್ತ ಅವರ ಅಕ್ಕನ ಅಂಗಡಿಗೆ ಬಂದೆವು. ತಾಯಿ ಸತ್ತ ಮೇಲೆ ಹೊಲಿಗೆ ಮಿಷನ್ ತುಳಿದೇ ತಮ್ಮನನ್ನು ಓದಿಸಿದಾಕೆ. ಈಗ ಕಣ್ಣು ಮಂಜು. ಒಳಗೆ ಬೆಳಕು ಸಾಲದೆಂದು ಹಗಲೆಲ್ಲ ಹೊರಗಿನ ಮೂರು ಕಲ್ಲುಮೆಟ್ಟಿಲ ಮೇಲೆ ಕೂತು ಕಾಜಾ, ಗುಂಡಿ ಹೊಲಿಯುತ್ತಿದ್ದರು. ಟೇಪಣ್ಣ ಟೇಪಿನ ತುದಿಯನ್ನು ಮೆಟ್ಟಿಲ ಅಂಚಿಗೆ ಹಿಡಿಯದೆ ಹಿಂದಿನ ಗೋಡೆಗೆ ಒತ್ತಿದರು. "ಹದಿನಾಲ್ಕು ಅಡಿ. ಬರ್ಕೋ." ಹನ್ನೊಂದೇ ಎಂದು ನನಗೂ ಕಾಣುತ್ತಿತ್ತು. ಅಕ್ಕ ಬೇರೆ ನಗುತ್ತ ಕುಡಿಯಲು ನೀರು ಕೊಟ್ಟಿದ್ದರು. ಬರೆದುಕೊಂಡೆ. ದೀಪದ ಬುಡದಲ್ಲೇ ಕತ್ತಲೆ. ಆ ಕತ್ತಲೆಯಲ್ಲಿ ನನಗೂ ಪಾಲಿತ್ತು.

ನಮ್ಮ ಹದಿನಾಲ್ಕನ್ನು ನಂಬಿ ಸಾಹೇಬರು ಹೋಗುವವರನ್ನೂ ಬರುವವರನ್ನೂ ಅದೇ ಓಣಿಯಲ್ಲಿ ಬಿಡಲು ತೀರ್ಮಾನಿಸಿದರು. ಯಾತ್ರೆಗೆ ಹತ್ತು ದಿನ ಮುಂಚೆ ಇನ್ನೂರು ಸಿಬ್ಬಂದಿ ಯಾತ್ರಿಕರಂತೆ ತಲೆಯ ಮೇಲೆ ಗಂಟು ಹೊತ್ತು, ಎರಡೂ ಕಡೆಯಿಂದ ನಡೆದು ನೋಡಿದೆವು. ಅಕ್ಕನ ಅಂಗಡಿಯ ಬಳಿ ಎದುರಿನ ಸಾಲು ನಮ್ಮನ್ನು ಬದಿಗೆ ತಳ್ಳಿತು. ನನ್ನ ಕಾಲು ಕಲ್ಲಿಗೆ ತಾಗಿತು, ಮುಗ್ಗರಿಸಿದೆ. ಹಿಂದಿನವರಿಗೆ ಕಾಣಲೇ ಇಲ್ಲ; ಮೂವರು ನನ್ನ ಬೆನ್ನ ಮೇಲೆ ಬಿದ್ದರು. ಉಸಿರು ಕಟ್ಟಿತು. ಸತ್ತೇ ಹೋದೆ ಅಂದುಕೊಂಡೆ.

ನನ್ನನ್ನು ಎಳೆದು ಕೂರಿಸಿದ್ದು ಅಕ್ಕ. ಟೇಪಣ್ಣ ಜನರನ್ನು ಸರಿಸಿಕೊಂಡು ಓಡಿ ಬಂದರು. "ಅಕ್ಕಾ, ನಿನ್ನ ಮೆಟ್ಟಿಲು ನಕ್ಷೆಯಲ್ಲಿಲ್ಲ. ನಾನೇ ಬೇಕೂಂತ ಬಿಟ್ಟೆ" ಎಂದರು, ಸಾಹೇಬರ ಎದುರಿಗೇ.

"ಬಿಡು ಅಂತ ನಾನು ಕೇಳಿದ್ನೇನೋ?" ಅಕ್ಕ ಸಿಡುಕಿದರು. "ಇವಳ ಜಾಗದಲ್ಲಿ ಕೈಗೂಸಿನ ತಾಯಿ ಇದ್ದಿದ್ರೆ? ನಾಳೆನೇ ಒಡೆಸು."

"ನೀನೆಲ್ಲಿ ಕೂರ್ತೀಯ?"

"ಒಳಗೆ. ನನಗೇನು ಸಿಂಹಾಸನ ಬೇಕಾ?"

ಕಲ್ಲು ಒಡೆದರು. ಹೊಸ ಮೆಟ್ಟಿಲು ಹೊಸ್ತಿಲಿನ ಒಳಗೆ ಬಂತು. ನಮ್ಮಿಬ್ಬರಿಗೂ ನೋಟಿಸ್ ಬಂತು, ಬರಬೇಕಾದದ್ದೇ. ಯಾತ್ರೆಯ ದಿನ ಆ ಓಣಿಯಲ್ಲಿ ಯಾರೂ ಎಡವಲಿಲ್ಲ. ಎಡವದವರ ಸುದ್ದಿ ಯಾವ ಪತ್ರಿಕೆ ಹಾಕುತ್ತದೆ?

ಆಮೇಲಿನಿಂದ ಟೇಪಣ್ಣ ಕಚೇರಿಗೆ ದಿನವೂ ಹತ್ತು ನಿಮಿಷ ತಡ. ಒಂದು ಬೆಳಿಗ್ಗೆ ಆ ಓಣಿಯಲ್ಲಿ ಹೋಗುವಾಗ ಕಂಡೆ. ಮೆಟ್ಟಿಲಿದ್ದ ಜಾಗದಲ್ಲಿ ಬೆಳಕಿಗೆ ಮುಖಮಾಡಿ ನಿಂತು, ಅಕ್ಕನ ಇಡೀ ದಿನದ ಕೆಲಸಕ್ಕೆಂದು ಒಂದೊಂದೇ ಸೂಜಿಗೆ ದಾರ ಪೋಣಿಸುತ್ತಿದ್ದರು. ನಾನು ಚೀಲ ಕೆಳಗಿಟ್ಟು ಕೈ ಚಾಚಿದೆ. ಅವರು ಅರ್ಧ ಸೂಜಿಗಳನ್ನು ನನ್ನ ಕೈಗಿಟ್ಟರು.