ಕೌದಿಯ ಹೊಟ್ಟೆಯೊಳಗಿನ ತುತ್ತು

“ಬಾಯಾರ, ಇದರಾಗ ತಿನ್ನೂದು ಏನರೆ ಐತೇನ್ರಿ?”

ನಿಪ್ಪಾಣಿಯ ಕೊರಿಯರ್ ಅಂಗಡಿಯವನಾದ ರಾವಸಾಹೇಬ ಹೀಗೆ ಕೇಳಿದಾಗ ನಮ್ಮಿಬ್ಬರ ನಡುವೆ ಟೇಬಲ್ಲಿನ ಮೇಲಿದ್ದದ್ದು ಒಂದು ಕೌದಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಕೈಯಲ್ಲಿ ಹೊಲಿದ ಹೊದಿಕೆ. ಹೋಗಬೇಕಾದದ್ದು ಆಸ್ಟ್ರೇಲಿಯಾಕ್ಕೆ. ಕೌದಿಯೊಳಗೆ ತಿನ್ನುವಂಥದ್ದು ಏನಿರುತ್ತದೆ? ಬೇರೆ ಯಾರಾದರೂ ‘ಇಲ್ಲಪ್ಪಾ’ ಎಂದು ರಸೀದಿ ತೆಗೆದುಕೊಂಡು ಬಸ್ ಹತ್ತುತ್ತಿದ್ದರು.

ನಾನು ಕಾನ್ವೆಂಟಿನಲ್ಲಿ ಓದಿದವಳು, ಸುಳ್ಳು ನಾಲಿಗೆಗೆ ಬರುವುದಿಲ್ಲ. “ಐತಿ” ಅಂದೆ. “ಒಂದು ತುತ್ತು ಹೋಳಿಗೆ.”

ರಾವಸಾಹೇಬ ಪೆನ್ನು ಕೆಳಗಿಟ್ಟ.

(ಈ ಕಡೆಯವರಲ್ಲದ ಓದುಗರಿಗೆ ಹೇಳಿಬಿಡುತ್ತೇನೆ. ಬಾಯಾರ ಅಂದರೆ ಅಮ್ಮಾವ್ರೆ. ಇನ್ನು ಕೌದಿಯ ಮಾತು. ನಮ್ಮಲ್ಲಿ ಕೌದಿ ಹೊಲಿದು ಮುಗಿಸುವಾಗ ಅದರ ಹೊಟ್ಟೆ ತುಂಬಿಸುತ್ತಾರೆ. ಒಂದು ಮೂಲೆಯಲ್ಲಿ ಹೋಳಿಗೆಯದೋ ರೊಟ್ಟಿಯದೋ ಚೂರು, ಚಿಟಿಕೆ ಅರಿಶಿನ, ಕುಂಕುಮ ಇಟ್ಟು ಹೊಲಿದುಬಿಡುತ್ತಾರೆ. ಹಸಿದ ಕೌದಿ ಯಾರನ್ನು ಬೆಚ್ಚಗಿಟ್ಟೀತು?)

ಕೌದಿ ಕೇಳಿದವಳು ಫಿಲೋಮಿನಾ. ನಮಗೆಲ್ಲ ಫಿಲೋ. ಬೆಳಗಾವಿಯ ಬೋರ್ಡಿಂಗಿನಲ್ಲಿ ನನ್ನ ಪಕ್ಕದ ಮಂಚದವಳು. ಮಿರಜಿನ ರೈಲ್ವೆ ಗಾರ್ಡ್ ಒಬ್ಬರ ಮಗಳು, ತಾಯಿಯಿಲ್ಲದ ಹುಡುಗಿ. ಮದುವೆಯಾಗಿ ಪರ್ತ್‌ಗೆ ಹೋದವಳು ಅಲ್ಲಿಯವಳೇ ಆಗಿಹೋದಳು. ಈಗ ಅಲ್ಲಿ ನರ್ಸಿಂಗ್ ಹೋಮಿನಲ್ಲಿದ್ದಾಳೆ. ಕೈ ನಡುಗುತ್ತದೆ, ಆದರೆ ನಾಲಿಗೆ ಇನ್ನೂ ಚುರುಕು.

“ಶಾಂತಾ, ಐ ಆ್ಯಮ್ ಆಲ್ವೇಸ್ ಕೋಲ್ಡ್” ಎಂದಳು ಫೋನಿನಲ್ಲಿ. (ಅವಳ ಮಾತೆಲ್ಲ ಇಂಗ್ಲಿಷೇ, ಕನ್ನಡ ಮಾಡಿದವಳು ನಾನು.) “ಇಲ್ಲಿಯ ಬ್ಲ್ಯಾಂಕೆಟ್‌ಗಳಿಗೆ ಜೀವವೇ ಇಲ್ಲ. ನಿನ್ನ ಅಮ್ಮನ ಕೌದಿ ಇದೆಯಾ?”

ಅವ್ವನ ಕೌದಿ ಎಲ್ಲಿಂದ ಬರಬೇಕು? ಅದು ತೊಟ್ಟಿಲಿಗೆ ಹಾಸಾಗಿ, ಆಮೇಲೆ ಕಾಲೊರಸಾಗಿ, ಎಂದೋ ಮಣ್ಣು ಸೇರಿತು.

“ಹಾಗಾದರೆ ಹೊಸದು ಮಾಡಿಸು. ಆ್ಯಂಡ್ ಫೀಡ್ ಹರ್, ಶಾಂತಾ. ಮರೆಯಬೇಡ. ಪ್ರಾಮಿಸ್?”

“ಪ್ರಾಮಿಸ್” ಅಂದೆ.

ಅವಳಿಗೆ ಆ ತುತ್ತು ನೆನಪಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ನಾನು ಜೀವನದಲ್ಲಿ ಮೊದಲು ಕಂಡ ಕಸ್ಟಮ್ಸ್ ಆಫೀಸರ್ ಅಂದರೆ ನಮ್ಮ ಬೋರ್ಡಿಂಗಿನ ಸಿಸ್ಟರ್ ಆಗ್ನೆಸ್. ರಜೆ ಮುಗಿಸಿ ಬಂದ ದಿನ ವರಾಂಡದಲ್ಲಿ ಎಲ್ಲರ ಟ್ರಂಕ್ ತೆರೆಸುತ್ತಿದ್ದರು. “ನೋ ಈಟಬಲ್ಸ್ ಫ್ರಮ್ ಹೋಮ್, ಗರ್ಲ್ಸ್!” ಚಕ್ಕುಲಿ, ಶೇಂಗಾ ಉಂಡೆ, ಅವಲಕ್ಕಿ ಚೂಡಾ ಎಲ್ಲವೂ ಅಡುಗೆಮನೆಯ ಕಪಾಟಿಗೆ. ಕೌದಿಯನ್ನು ಮಾತ್ರ ಯಾರೂ ತಡೆಯಲಿಲ್ಲ.

ಚಳಿಗಾಲದಲ್ಲಿ ಫಿಲೋ ತನ್ನ ತೆಳ್ಳನೆಯ ಶಾಲು ಬಿಟ್ಟು ನನ್ನ ಕೌದಿಯೊಳಗೆ ನುಗ್ಗಿದಳು. ಮೂಲೆಯ ಗುಟ್ಟು ಹೇಳಿದೆ. ಅವಳು ಆ ಗಂಟನ್ನು ಬೆರಳಲ್ಲಿ ಮುಟ್ಟಿ ನೋಡಿ, “ಪೂರ್ ಥಿಂಗ್, ಒಂದೇ ತುತ್ತಾ?” ಎಂದಳು.

ಆಮೇಲೆ ಇರುವೆಗಳು ಬಂದವು. ಗೋಡೆಯಿಂದ ಸಾಲಾಗಿ ಇಳಿದು ನನ್ನ ಮಂಚಕ್ಕೆ. ಸಿಸ್ಟರ್ ಟ್ರಂಕ್ ತೆಗೆಸಿದರು, ದಿಂಬು ಕೊಡವಿದರು. ಏನೂ ಸಿಗಲಿಲ್ಲ. ಕೊನೆಗೆ ಫಿಲೋ ಎದ್ದು ನಿಂತು, “ಸಿಸ್ಟರ್, ಅದು ಶಾಂತಾಳದಲ್ಲ. ಕೌದಿಯ ಊಟ” ಎಂದಳು. ಸಿಸ್ಟರ್ ಆಗ್ನೆಸ್ ಆ ಮೂಲೆಯನ್ನು ಮುಟ್ಟಿದರು. ನಂತರ “ಬಿಸಿಲಿಗೆ ಹಾಕಿ” ಎಂದಷ್ಟೇ ಹೇಳಿ ಹೋದರು. ಬಿಚ್ಚಿಸಲಿಲ್ಲ.

ಅಂಥ ಆಫೀಸರ್ ಈಗ ಯಾವ ಏರ್‌ಪೋರ್ಟಿನಲ್ಲಿ ಸಿಗುತ್ತಾರೆ?

ಅವ್ವ ತಿಂಗಳಿಗೊಮ್ಮೆ ಚಿಕ್ಕೋಡಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಗೇಟಿನ ಬಳಿ ನನ್ನ ಊಟ ವಿಚಾರಿಸಿದ ಮೇಲೆ ಫಿಲೋಳ ಗಲ್ಲ ಹಿಡಿದು, “ನೀ ಉಂಡಿ ಏನವಾ?” ಎಂದು ಕೇಳುತ್ತಿದ್ದಳು. ಅವಳನ್ನು ಹಾಗೆ ಕೇಳುವವರು ಬೇರೆ ಯಾರಿದ್ದರು? ಫಿಲೋ ಸ್ವಚ್ಛವಾಗಿ ಕಲಿತ ಒಂದೇ ಒಂದು ಕನ್ನಡ ವಾಕ್ಯ ಅದು. ಲೈಟ್ ಆರಿಸುವ ಮೊದಲು ಕೌದಿಯ ಮೂಲೆಗೂ ಅದನ್ನೇ ಕೇಳಿ ಮಲಗುತ್ತಿದ್ದಳು.

ಇರಲಿ. ನಿಪ್ಪಾಣಿಗೆ ಬರೋಣ.

“ಬಾಯಾರ, ಹೇಳಬಾರದಿತ್ತರಿ ನೀವು” ಎಂದು ರಾವಸಾಹೇಬ ತಲೆ ಕೆರೆದುಕೊಂಡ. “ಹೇಳದಿದ್ರ ನನಗ ಗೊತ್ತಿರ್ತಿದ್ದಿಲ್ಲ. ಈಗ ಗೊತ್ತಾತು. ಕಾಯ್ ಕರಣಾರ, ಏನ ಮಾಡೂದು?”

“ಒಂದು ಚೂರಪ್ಪಾ. ಉಗುರಿನಷ್ಟು.”

“ಉಗುರಿನಷ್ಟಿರಲಿ, ಸಾಸಿವಿಯಷ್ಟಿರಲಿ. ಆ ದೇಶದ್ದು ಭಾಳ ಕಡಕ್ ರೀ. ಕಾಳು, ಬೀಜ, ಹುಲ್ಲು, ಮಣ್ಣು, ತುಪ್ಪ, ಏನೂ ನಡಿಯಂಗಿಲ್ಲ. ಮಷೀನ್ ಐತಿ, ನಾಯಿ ಅದಾವ. ಆ ನಾಯಿ ಮೂಸಿ ಹಿಡದ್ವು ಅಂದ್ರ ಕೌದಿನs ಸುಟ್ಟ ಹಾಕಿದರೂ ಹಾಕಿದ್ರು.”

ಸುಡುವುದೇ? ಅದರಲ್ಲಿ ನನ್ನ ಮದುವೆಯ ಇಳಕಲ್ ಸೀರೆ ಇದೆ. ಅವ್ವನ ಕೊನೆಯ ಸೀರೆಯ ಸೆರಗಿದೆ.

“ಅವರದೂ ತಪ್ಪಿಲ್ಲ ಬಿಡ್ರಿ” ಎಂದ. “ನಮ್ಮ ಕಾಗವಾಡದ ದ್ರಾಕ್ಷಿಗೆ ಹೊರಗಿನ ಹುಳ ಬಂದ್ರ ನಾವು ಹೌಹಾರೂದಿಲ್ಲೇನು? ಅವರೂ ಹಂಗs.”

ಒಪ್ಪಲೇಬೇಕಾದ ಮಾತು. ಆದರೆ ನಾವು ಗಡಿಯನ್ನು ಹೀಗೆ ಕಂಡವರಲ್ಲ. ಕೊಗನೊಳ್ಳಿ ದಾಟಿದರೆ ಬೇರೆ ರಾಜ್ಯ. ನನ್ನ ಚಿಕ್ಕಮ್ಮ ಆ ಕಡೆಗೆ ಸೊಸೆಯಾಗಿ ಹೋಗುವಾಗ ಉಪ್ಪಿನಕಾಯಿಯ ಭರಣಿ, ಹೆಪ್ಪಿಗೆ ಮೊಸರು, ತವರಿನ ತುಳಸಿಗಿಡ ಮಣ್ಣಿನ ಸಮೇತ ಬಸ್ಸಿನಲ್ಲಿ ಹೋದವು. ಕಂಡಕ್ಟರ್ ಕೇಳಿದ್ದು ಒಂದೇ: “ತುಳಸಿಗೆ ತಿಕೀಟ ಬ್ಯಾಡೇನ್ರಿ?”

ಕೌದಿಯನ್ನು ಬಗಲಲ್ಲಿಟ್ಟುಕೊಂಡು ಅಂಕಲಿ ಊರಿಗೆ ಹೋದೆ. ಹೊಲಿದವಳು ಅಲ್ಲಿಯ ತಂಗೆವ್ವ. ಕೇಳಿದ್ದೇ ತಡ, ಸೆರಗು ಸೊಂಟಕ್ಕೆ ಸಿಗಿಸಿದಳು.

“ತೆಗಿ ಅಂತೀರಿ? ಬಾಯಾಗಿನ ತುತ್ತು ಕಸಗೊಂಡಂಗ ಆಗೂದಿಲ್ಲೇನ್ರಿ?”

“ಕಾನೂನು ಹಂಗೈತಿ ತಂಗೆವ್ವಾ.”

“ಸುಡ್ಲಿ ಆ ಕಾನೂನು! ಅಷ್ಟ ದೂರ ಹೋಗೂದು, ಉಪವಾಸ ಕಳಸ್ತೀರಿ? ನೀವು ಬೆಳಗಾವಿಗೆ ಹೋಗೂದಿದ್ರೂ ಬುತ್ತಿ ಕಟಗೊಂಡ ಹೋಗ್ತೀರಿ!”

ಅರ್ಧಕ್ಕರ್ಧ ಅಂಕಲಿ ನಮ್ಮ ಜಗಳ ಕೇಳಿತು. ನನ್ನ ಮುಂದಿದ್ದದ್ದು ಎರಡೇ ದಾರಿ. ಸುಳ್ಳು ಬರೆದು ಕೌದಿಯನ್ನು ಬೆಂಕಿಗೊಡ್ಡುವುದು. ಇಲ್ಲವೇ ತುತ್ತು ತೆಗೆಸಿ ಫಿಲೋಗೆ ಕೊಟ್ಟ ಮಾತು ಮುರಿಯುವುದು. ಮೂರನೆಯದು ಹೊಳೆದದ್ದು ತಂಗೆವ್ವನ ಮನೆಯ ಚಹಾ ಅರ್ಧ ಕುಡಿದ ಮೇಲೆ.

“ತುತ್ತು ತೆಗಿ, ಮೂಲಿ ಹೊಲೀಬ್ಯಾಡ. ಬಾಯಿ ತೆರದs ಇರಲಿ. ಅಲ್ಲಿ ಹೋದಮ್ಯಾಲೆ ಆಕಿನs ಉಣಸ್ತಾಳ.”

“ಆಕಿ ಕಿರಿಸ್ತಾನ್ರಾಕಿ. ಆಕಿಗೇನ ಗೊತ್ತೈತಿ?”

“ನಮ್ಮವ್ವನ ಕೌದಿಯೊಳಗ ಬೆಳದಾಕಿ ಆಕಿ.”

ತಂಗೆವ್ವ ಕತ್ತರಿ ತಂದು ಹೊಲಿಗೆ ಬಿಚ್ಚಿದಳು. ಗಟ್ಟಿಯಾಗಿದ್ದ ಹೋಳಿಗೆ ಚೂರನ್ನು ಕಟ್ಟೆಯ ಮೇಲಿಟ್ಟಳು. ತಂಗೆವ್ವ ಆ ಮೂಲೆಯನ್ನು ಸ್ವಚ್ಛವಾಗಿ ಕೊಡವಿ, ದಾರ ಪೋಣಿಸಿದ ಸೂಜಿಯೊಂದನ್ನು ಬಟ್ಟೆಯ ತುಂಡಿನಲ್ಲಿ ಸುತ್ತಿ ಕೌದಿಗೆ ಕಟ್ಟುವಷ್ಟರಲ್ಲಿ ಇರುವೆಗಳು ಹಾಜರು. (ಅವುಗಳಿಗೆ ಯಾವ ಡಿಕ್ಲರೇಷನ್ನೂ ಬೇಡ.)

ನಿಪ್ಪಾಣಿಯಲ್ಲಿ ರಾವಸಾಹೇಬ ಮತ್ತೆ ಫಾರ್ಮ್ ತೆಗೆದ. “ಹೊಸಾದೋ ಹಳೇದೋ, ಏನ ಬರೀಲಿ?”

ಏನು ಹೇಳಲಿ? ಸೀರೆ ಹಳೆಯವು, ಹೊಲಿಗೆ ಹೊಸದು, ನೆನಪು ನನ್ನ ಬಾಲ್ಯದಷ್ಟು ಹಿಂದಿನದು. ಕೊನೆಗೆ ‘ಕೈಯಿಂದ ಹೊಲಿದ ಹತ್ತಿಯ ಹೊದಿಕೆ, ಒಗೆದದ್ದು’ ಎಂದು ಇಂಗ್ಲಿಷಿನಲ್ಲಿ ಬರೆಸಿದೆ. ಸೂಜಿಯನ್ನೂ ಬರೆಸಿದೆ. ‘ನೋ ಕಮರ್ಷಿಯಲ್ ವ್ಯಾಲ್ಯೂ’ ಎಂಬ ಸಾಲನ್ನು ಅವನೇ ಸೇರಿಸಿದ. ಸರಿಯಾದ ಸಾಲೇ. ಆದರೂ ಸಹಿ ಹಾಕುವಾಗ ಸ್ವಲ್ಪ ಚುಚ್ಚಿತು.

ಆಮೇಲೆ ಕಾಯುವುದು. ಮುಂಬೈ ದಾಟಿತು. ಪರ್ತ್ ತಲುಪಿತು. ಅಲ್ಲೇ ನಿಂತಿತು. ‘ಹೆಲ್ಡ್ ಫಾರ್ ಇನ್‌ಸ್ಪೆಕ್ಷನ್.’ ನಾನು ದಿನವೂ ಮೊಬೈಲಿನಲ್ಲಿ ಆ ಮೂರು ಶಬ್ದಗಳನ್ನು ಓದುತ್ತ ಕೂತೆ. ಯಾರೋ ಅಪರಿಚಿತರು ಅವ್ವನ ಸೆರಗನ್ನು ಬೆಳಕಿಗೆ ಹಿಡಿದು ನೋಡುತ್ತಿರುವ ಚಿತ್ರ ಕಣ್ಣ ಮುಂದೆ.

ಮೊನ್ನೆ ಭಾನುವಾರ ವಿಡಿಯೊ ಕಾಲ್ ಬಂತು. ತಂಗೆವ್ವ ನನ್ನ ಮನೆಯಲ್ಲೇ ಇದ್ದಳು. ಸ್ಕ್ರೀನಿನಲ್ಲಿ ಗಲ್ಲದವರೆಗೆ ಕೌದಿ ಹೊದ್ದ ಫಿಲೋ. ಎಷ್ಟು ಸಣ್ಣಗಾಗಿದ್ದಾಳೆ! ಬೆಳಗಿನ ಟೋಸ್ಟಿನ ಚೂರೊಂದನ್ನು ಮೂಲೆಯಲ್ಲಿ ಇಟ್ಟಳಂತೆ. ಕೈ ನಡುಗಿ ಹೊಲಿಯಲಾಗದೆ ನರ್ಸ್ ಹೊಲಿದುಕೊಟ್ಟಳಂತೆ. ‘ಇದೇಕೆ?’ ಎಂದು ನರ್ಸ್ ಕೇಳಿದ್ದಕ್ಕೆ, “ದೂರದಿಂದ ಬಂದಿದ್ದಾಳೆ, ಹಸಿದಿದ್ದಾಳೆ” ಎಂದಳಂತೆ.

ತಂಗೆವ್ವ ಫೋನಿಗೆ ಬಾಯಿ ಹಚ್ಚಿ, ಪರ್ತ್‌ಗೆ ನೇರವಾಗಿ ಕೇಳಿಸುವ ಹಾಗೆ ಕೂಗಿದಳು: “ಬಾಯಾರ, ಬ್ರೆಡ್ ಆದ್ರೂ ನಡೀತೈತಿ! ಈಗ ಬೆಚ್ಚಗ ಐತಿಲ್ರೀ?”

ಫಿಲೋಗೆ ಅರ್ಥವಾಯಿತೋ ಇಲ್ಲವೋ. ಕೌದಿಯ ಮೂಲೆಯನ್ನು ಗಲ್ಲಕ್ಕೆ ಒತ್ತಿಕೊಂಡು ನಕ್ಕಳು. ಆಮೇಲೆ ನನ್ನತ್ತ ತಿರುಗಿ, ಪರ್ತ್‌ಗೆ ಹೋದಮೇಲೆ ಒಮ್ಮೆಯೂ ಕನ್ನಡ ಆಡದವಳು, ನಮ್ಮವ್ವನದೇ ರಾಗದಲ್ಲಿ ಕೇಳಿದಳು: “ಶಾಂತಾ, ನೀ ಉಂಡಿ ಏನವಾ?”

ನನ್ನನ್ನು ಹಾಗೆ ಕೇಳುವವರು ಹೋಗಿ ಎಷ್ಟೋ ಕಾಲವಾಯಿತು.

ಗಡಿ ದಾಟಿ ಬಂದ ಈ ಮಾತನ್ನು ಯಾವ ನಾಯಿ ಮೂಸಿ ಹಿಡಿದೀತು, ಹೇಳಿ?