ಗಾಲ್ಫ್ ಅಂಗಡಿ ಹುಡುಕಿದ ಶನಿವಾರ

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ. ನಮ್ಮ ಮೈಸೂರಿನ ಮನೆಯಲ್ಲಿ ಇದನ್ನು ಅಕ್ಷರಾಭ್ಯಾಸಕ್ಕಿಂತ ಮೊದಲೇ ಕಲಿಸಿದ್ದರು. ತೀರಾ ತಿಳಿಯಲೇಬೇಕೆಂದರೆ "ದೂರಾನಾ?" ಎನ್ನಬೇಕು. ನ್ಯೂರೆಂಬರ್ಗಿಗೆ ಬಂದು ಇಷ್ಟು ವರ್ಷವಾದರೂ ನನ್ನ ನಾಲಿಗೆ ಆ ಪಾಠ ಬಿಟ್ಟಿಲ್ಲ. ಆ ಶನಿವಾರ ನನ್ನ ಗಂಡ ನೀಲಿ ಜಾಕೆಟ್ ಹಾಕಿಕೊಂಡು ಬಾಗಿಲಲ್ಲಿ ನಿಂತಾಗಲೂ ಅಷ್ಟೇ ಕೇಳಿದೆ.

"ಇಲ್ಲೇ ಕಣೇ. ಗಾಲ್ಫ್ ಸಾಮಾನು ನೋಡ್ಕೊಂಡು ಬರ್ತೀನಿ," ಎಂದರು.

"ಹೋಗ್ಬನ್ನಿ," ಎಂದೆ.

ಅವರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದು ಹೆಚ್ಚು ದಿನವಾಗಿರಲಿಲ್ಲ. ಆಸ್ಪತ್ರೆಯ ನಂತರ ಚೇತರಿಸಿಕೊಳ್ಳಲು ಕಳಿಸುವ ರೇಹಾದಲ್ಲಿ ಡಾಕ್ಟರು, ನಡೆಯಿರಿ, ಇಷ್ಟವಾದ ಆಟವೊಂದನ್ನು ನಿಧಾನವಾಗಿ ಶುರುಮಾಡಿ ಎಂದಿದ್ದರು. ಆಫೀಸಿನಲ್ಲಿ ಯಾರೋ ಗಾಲ್ಫ್ ಎಂದರು. ಕ್ರಿಕೆಟ್ ಬ್ಯಾಟನ್ನೇ ನೆಟ್ಟಗೆ ಹಿಡಿಯದ ಮನುಷ್ಯ ಮೂರು ಹೊತ್ತೂ ಫೋನಿನಲ್ಲಿ ಗಾಲ್ಫ್ ಕೋಲು ನೋಡತೊಡಗಿದರು. ನಾನು ಮೂರು ಹೊತ್ತೂ ಅವರ ಎದೆ ಏರಿಳಿಯುವುದನ್ನು ನೋಡುತ್ತಿದ್ದೆ.

ಅವರು ಹೋಗಿ ಗಂಟೆ ಕಳೆದ ಮೇಲೆ ಅಡುಗೆಮನೆಯಿಂದ ಆಚೆ ಬಂದರೆ, ಚಪ್ಪಲಿ ಗೂಡಿನ ಮೇಲೆ ಅವರ ನೈಟ್ರೋ ಸ್ಪ್ರೇ ಕೂತಿತ್ತು. ಎದೆನೋವು ಬಂದರೆ ತಕ್ಷಣ ನಾಲಿಗೆಯ ಕೆಳಗೆ ಹೊಡೆದುಕೊಳ್ಳಬೇಕಾದ ಸ್ಪ್ರೇ. ಜೇಬು ಬಿಟ್ಟು ಕದಲಬಾರದೆಂದು ಡಾಕ್ಟರು ಹೇಳಿದ್ದು. ಫೋನ್ ಮಾಡಿದೆ. ಸೋಫಾ ಪಕ್ಕದಲ್ಲಿ ಚಾರ್ಜಿಗಿಟ್ಟಿದ್ದ ಅವರ ಫೋನು ಅಲ್ಲೇ ಬಡಿದುಕೊಂಡಿತು.

ಆಖೆನ್‌ನಲ್ಲಿ ಓದುತ್ತಿರುವ ಮಗಳಿಗೆ ಹೇಳೋಣವೆಂದುಕೊಂಡು ಸುಮ್ಮನಾದೆ. ಅವಳು ಅಷ್ಟು ದೂರದಲ್ಲಿ ಕೂತು ಅಳುವುದರಿಂದ ನನಗೇನೂ ಆಗಬೇಕಾಗಿರಲಿಲ್ಲ. ಒಲೆ ಆರಿಸಿ, ಸ್ಪ್ರೇ ಮುಷ್ಟಿಯಲ್ಲಿ ಹಿಡಿದು ಹೊರಟೆ.

ಆದರೆ ಹೋಗುವುದೆಲ್ಲಿಗೆ? ಈ ಊರಿನಲ್ಲಿ ಬ್ರೆಡ್ಡಿಗೆ ಬೀದಿಗೊಂದು ಅಂಗಡಿಯಿದೆ. ಗಾಲ್ಫ್ ಸಾಮಾನು ಎಲ್ಲಿ ಸಿಗುತ್ತದೆಂದು ಯೋಚಿಸುವ ಪ್ರಸಂಗ ನನಗೆ ಯಾವತ್ತೂ ಬಂದಿರಲಿಲ್ಲ. ಮೊದಲು ಹೊಳೆದದ್ದು ಊರ ನಡುವಿನ ದೊಡ್ಡ ಸ್ಪೋರ್ಟ್ಸ್ ಅಂಗಡಿ. ಊ-ಬಾನ್ ಮೆಟ್ರೋ ಹತ್ತಿದೆ. ನಮ್ಮ ಕಡೆಯ ಲೈನಿನಲ್ಲಿ ರೈಲಿಗೆ ಡ್ರೈವರೇ ಇಲ್ಲ, ತಾನಾಗಿಯೇ ಓಡುತ್ತದೆ. ದಿನಾ ಅದರಲ್ಲೇ ಓಡಾಡುವವಳಿಗೆ ಅವತ್ತು ಅದೂ ಭಯವಾಯಿತು. ಸುರಂಗದಲ್ಲಿ ನಿಂತುಬಿಟ್ಟರೆ ಬೇಗ ಬಿಡಪ್ಪಾ ಎಂದು ಯಾರನ್ನು ಕೇಳುವುದು?

ಅಂಗಡಿಯ ಮೇಲಿನ ಮಹಡಿಯಲ್ಲಿ ಸ್ಕೀ, ಸೈಕಲ್, ಟೆಂಟುಗಳನ್ನೆಲ್ಲ ದಾಟಿದ ಮೇಲೆ ಒಂದು ಮೂಲೆ ಗಾಲ್ಫಿನದು. ಕೈಗವಸು, ಚೆಂಡು, ಟೋಪಿ, ಅಷ್ಟೇ. ಗಂಡನ ಚಹರೆ ಹೇಳಿದೆ.

ಅಂಗಡಿಯ ಹುಡುಗಿ ನೆನಪಿಸಿಕೊಂಡಳು. "ನೀಲಿ ಜಾಕೆಟ್ಟಿನವರಲ್ಲವಾ? ಬಂದಿದ್ದರು. ಆಮೇಲೆ ಶೂ ಹಾಕಿಕೊಳ್ಳುವ ಬೆಂಚಿನ ಮೇಲೆ ತುಂಬಾ ಹೊತ್ತು ಸುಮ್ಮನೆ ಕೂತಿದ್ದರು. ನೀರು ಕೊಡಲಾ ಅಂದೆ, ಬೇಡ ಅಂದರು."

ಬೆಂಚು ಅಲ್ಲೇ ಇತ್ತು, ಖಾಲಿ. ಯಾಕೆ ಕೂತರು? ಸುಸ್ತಾಯಿತೇ? ಬೆವರಿದರೇ? ಹೆದರಿದವರ ಮೇಲೆ ಹಾವು ಎಸೆದಂತೆ ಆ ಹುಡುಗಿ ಮುಗುಳ್ನಕ್ಕು, "ಕೋಲು ಬೇಕಿದ್ದರೆ ಊರಂಚಿನ ಮಳಿಗೆಗೆ ಹೋಗಿ ಅಂತ ಹೇಳಿದೆ," ಎಂದಳು.

ಊರಂಚಿನದು ಉಗ್ರಾಣದಂಥ ಮಳಿಗೆ, ಅಗ್ಗದ ಸಾಮಾನಿಗೆ ಹೆಸರುವಾಸಿ. ಅಲ್ಲಿ ಗಾಲ್ಫ್ ಎಂದರೆ ಮಕ್ಕಳಿಗೆ, ಕಲಿಯುವವರಿಗೆ ಚೀಲ ಸಮೇತ ಕಟ್ಟಿಟ್ಟ ಕೋಲುಗಳು. ವಿಚಾರಿಸಿದರೆ ಅಲ್ಲಿದ್ದ ತರುಣ ನೆಟ್ಟಗೆ ನಿಂತು, ಗ್ರಾಹಕರ ವಿಷಯ ಹೇಳುವಂತಿಲ್ಲ, ಡಾಟೆನ್‌ಶುಟ್ಸ್, ಖಾಸಗಿ ಮಾಹಿತಿಯ ಕಾನೂನು ಎಂದ. ಅವರ ಬಿಪಿ, ಶುಗರು, ಕೊಲೆಸ್ಟ್ರಾಲು ಎಲ್ಲ ಬಾಯಿಪಾಠವಿರುವ ನನಗೆ, ಅವರು ಯಾವ ಕೋಲು ಮುಟ್ಟಿದರೆಂಬುದು ಗುಟ್ಟಂತೆ! ಮುಷ್ಟಿ ಬಿಚ್ಚಿ ಸ್ಪ್ರೇ ತೋರಿಸಿ, ಹೃದಯದ ರೋಗಿ ಎಂದೆ. ಅವನ ಮುಖದ ಬಣ್ಣವೇ ಬದಲಾಯಿತು. "ಅವರಿಗೆ ಹೊಡೆದು ನೋಡಬೇಕಿತ್ತು, ಇಲ್ಲಿ ಜಾಗವಿಲ್ಲ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಗಾಲ್ಫಿನದೇ ಅಂಗಡಿಯೊಂದಿದೆ, ಅಲ್ಲಿಗೆ ಕಳಿಸಿದೆ. ಬಸ್ಸಿನಲ್ಲಿ ಹೋಗಿ," ಎಂದ.

ಹೊಡೆದು ನೋಡುವುದು! ಅವರ ಫೋನಿನಲ್ಲಿ ನಾನೂ ನೋಡಿದ್ದೆ. ಒಗೆದ ಸೀರೆ ಹಿಂಡುವ ಹಾಗೆ ಇಡೀ ಮೈ ತಿರುಚಿ ಹೊಡೆಯುತ್ತಾರೆ. ಆ ತಿರುಚುವ ಮೈಯೊಳಗೆ ಬೆರಳುದ್ದವೂ ಇಲ್ಲದ ಒಂದು ಲೋಹದ ಬಲೆ. ಬಸ್ಸಿನಲ್ಲಿ ಕೂತಾಗ ಹಿಂದಿನಿಂದ ಆಂಬುಲೆನ್ಸ್ ಕೂಗುತ್ತ ಬಂತು. ನಮ್ಮನ್ನು ದಾಟಿ, ನಾನು ಹೋಗಬೇಕಾದ ರಸ್ತೆಗೇ ತಿರುಗಿತು. ಜೀವ ಬಾಯಿಗೆ ಬಂತು. ತಾಯಿ ಚಾಮುಂಡೀ, ಬೆಟ್ಟ ಹತ್ತಿ ಬರ್ತೀನಿ, ಮೆಟ್ಟಿಲು ಮೆಟ್ಟಿಲಿಗೂ ಕುಂಕುಮ ಇಡ್ತೀನಿ, ಅದು ಅಲ್ಲಿ ನಿಲ್ಲದೇ ಇರಲಿ. ಬಸ್ಸಿಳಿದು ಓಡಿದೆ. ಈ ದೇಶಕ್ಕೆ ಬಂದ ಮೇಲೆ ನಾನು ಹಾಗೆ ಓಡಿದ್ದಿಲ್ಲ.

ಆಂಬುಲೆನ್ಸ್ ಎಲ್ಲೂ ಕಾಣಲಿಲ್ಲ. ಟೈರಿನ ಅಂಗಡಿಗೂ ಟೈಲ್ಸ್ ಅಂಗಡಿಗೂ ನಡುವೆ ತಗಡಿನ ಛಾವಣಿಯ ಗಾಲ್ಫ್ ಅಂಗಡಿ. ಒಳಗೆ ಗೋಡೆಯುದ್ದಕ್ಕೂ ಕೋಲುಗಳು, ಕೊನೆಯಲ್ಲಿ ಹೊಡೆದು ನೋಡಲು ಬಿಳಿ ಪರದೆ ಕಟ್ಟಿದ ಗೂಡು. ಹಸಿರು ಚಾಪೆಯ ಮೇಲೆ ಒಂದು ಚೆಂಡು. ಅದರೆದುರು ಸ್ಟೂಲಿನ ಮೇಲೆ, ತೊಡೆಗೆ ಅಡ್ಡ ಕೋಲು ಇಟ್ಟುಕೊಂಡು ನನ್ನ ಗಂಡ ಕೂತಿದ್ದರು.

ಹೋದ ಜೀವ ಬಂತು. ಅದರ ಬೆನ್ನಿಗೇ ಸಿಟ್ಟೂ ಬಂತು.

"ಬುದ್ಧಿ ಇದ್ಯೇನ್ರೀ ನಿಮಗೆ? ಫೋನೂ ಇಲ್ಲ, ಸ್ಪ್ರೇನೂ ಇಲ್ಲ!"

ಅವರು ಜೇಬು ಮುಟ್ಟಿ ನೋಡಿಕೊಂಡರು. ಮುಖ ಬಿಳಿಚಿಕೊಂಡಿತು. ಸ್ಪ್ರೇ ಅವರ ಕೈಗೆ ತುರುಕಿದೆ.

"ಎದೆ ನೋಯ್ತಿದ್ಯಾ?"

"ಇಲ್ಲ ಕಣೇ. ಚೆನ್ನಾಗಿದೀನಿ. ಹೊಡೆಯೋಕೆ ಆಗ್ತಿಲ್ಲ ಅಷ್ಟೆ."

"ಯಾಕೆ?"

"ಭಯ. ಕೈ ಎತ್ತಿದ್ರೆ ಒಳಗಡೆ ಏನೋ ಕಿತ್ಕೊಂಡು ಬಂದ್ಬಿಡುತ್ತೆ ಅಂತ. ಡಾಕ್ಟ್ರು ಓಕೆ ಅಂದಿದಾರೆ, ರಿಪೋರ್ಟ್ ಎಲ್ಲ ನಾರ್ಮಲ್. ಗೊತ್ತು. ಆದ್ರೂ ಭಯ." ಚೆಂಡನ್ನೇ ನೋಡುತ್ತ ತಗ್ಗಿದ ದನಿಯಲ್ಲಿ ಹೇಳಿದರು. "ಮನೇಲಿ ನೀನು ನನ್ನ ನೋಡ್ತಾ ಇರ್ತೀಯಲ್ಲ, ಆ ಥರ ನೋಡಿದ್ರೆ ನಾನು ಆಗ್ಲೇ ಹೋಗ್ಬಿಟ್ಟಿದೀನೇನೋ ಅನ್ಸುತ್ತೆ. ಅದಕ್ಕೇ ಒಬ್ಬನೇ ಬಂದೆ. ಒಂದೇ ಒಂದು ಸಲ ಹೊಡೆದು ಬಂದ್ಬಿಡೋಣ ಅಂತ."

ಅಂಗಡಿಯಾತ ದೂರದಿಂದಲೇ, ಇನ್ನೇನು ಬಾಗಿಲು ಹಾಕುತ್ತೇನೆ, ಇವತ್ತು ಶನಿವಾರ ಎಂದು ನೆನಪಿಸಿದ. ಗಂಡ ಎದ್ದು ಕೋಲನ್ನು ಗೋಡೆಗೆ ಒರಗಿಸಲು ಹೋದರು. ಅವರ ತೋಳು ಹಿಡಿದು ಮನೆಗೆ ಕರೆದುಕೊಂಡು ಹೋಗಲೆಂದೇ ನಾನು ಊರೆಲ್ಲ ಅಲೆದು ಬಂದದ್ದು. ಹಿಡಿದರೆ ಸುಮ್ಮನೆ ಬಂದುಬಿಡುತ್ತಿದ್ದರು. ಬಂದು ಸೋಫಾ ಮೇಲೆ ಕೂರುತ್ತಿದ್ದರು. ನಾನು ಎದುರು ಕೂತು ಮತ್ತೆ ಅವರ ಎದೆ ನೋಡುತ್ತಿದ್ದೆ.

"ಹೊಡೀರಿ," ಎಂದೆ.

ಅವರು ನನ್ನ ಮುಖ ನೋಡಿದರು.

"ನಾನಿದೀನಿ. ಹೊಡೀರಿ."

ಹಿಂದೆ ಸರಿದು ನಿಂತೆ. ಕಣ್ಣು ಮುಚ್ಚಿಕೊಳ್ಳಬೇಕೆನಿಸಿತು, ಮುಚ್ಚಿಕೊಳ್ಳಲಿಲ್ಲ. ಅವರು ಕಾಲು ಅಗಲಿಸಿ, ಉಸಿರೆಳೆದು, ಕೋಲನ್ನು ಹೆಗಲ ಮೇಲಕ್ಕೆ ಎತ್ತಿ ಬೀಸಿದರು. ಪರದೆಗೆ ಏನೋ ಬಡಿದ ಸದ್ದಾಯಿತು. ಚೆಂಡು ಎಲ್ಲಿ ತಾಗಿತೆಂದು ಇಬ್ಬರೂ ನೋಡಲಿಲ್ಲ. ಅವರು ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಕಾಯುತ್ತಿದ್ದರು, ನಾನು ನನ್ನ ಎದೆಯ ಮೇಲೆ. ಏನೂ ಆಗಲಿಲ್ಲ. ಅಂಗಡಿಯಾತ ಬೀಗದ ಕೈ ಹಿಡಿದು ನಮ್ಮನ್ನೇ ನೋಡುತ್ತಿದ್ದ.

ಬುಟ್ಟಿಯಿಂದ ಇನ್ನೊಂದು ಚೆಂಡು ತೆಗೆದು ಚಾಪೆಯ ಮೇಲಿಟ್ಟೆ.

"ಇನ್ನೊಂದು ಹೊಡೀರಿ," ಎಂದೆ.